ಎಕನಾಮಿಕ್ಸ್ ಓದಿ ಏನಾಗುತ್ತಾಳೆ?

ಜೂನ್ ತಿಂಗಳು ಬಂತೆಂದರೆ ಅಮೃತೇಶನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೇರೆಯವರೆಲ್ಲ ಮಳೆ ಬಂತೇ, ನಾಲೆಗೆ ನೀರು ಬಿಟ್ಟರೇ ಎಂದು ವಿಚಾರಿಸುತ್ತಿದ್ದರೆ ಅವನು ತಿ. ನರಸೀಪುರದ ಕಾಲೇಜಿನ ಆಫೀಸು ಕಿಟಕಿಯ ಪಕ್ಕ ನಿಂತು, ಬಿ.ಎ.ಗೆ ಸೇರಲು ಬಂದ ಹುಡುಗ ಹುಡುಗಿಯರು ಮೂರನೆಯ ವಿಷಯವಾಗಿ ಏನು ಬರೆಸುತ್ತಾರೆ ಎಂದು ಕಿವಿಗೊಟ್ಟು ಕೇಳುತ್ತಿದ್ದ. ಇತಿಹಾಸ, ರಾಜ್ಯಶಾಸ್ತ್ರ ಎಲ್ಲರಿಗೂ ಇದ್ದದ್ದೇ. ಮೂರನೆಯದು ಐಚ್ಛಿಕ ಕನ್ನಡವೋ ಅರ್ಥಶಾಸ್ತ್ರವೋ ಎಂಬುದಷ್ಟೇ ಪ್ರಶ್ನೆ. ಯಾರಾದರೂ ಕನ್ನಡ ಎಂದಾಗಲೆಲ್ಲ ಅವನ ಮುಖ ಸಪ್ಪಗಾಗುತ್ತಿತ್ತು. ಕನ್ನಡದ ಮೇಲೆ ಅವನಿಗೆ ಕೋಪವೇನಿರಲಿಲ್ಲ. ಅವನು ಅರ್ಥಶಾಸ್ತ್ರದ ಪಾರ್ಟ್‌ಟೈಮ್ ಮೇಷ್ಟ್ರು. ಆ ವಿಷಯಕ್ಕೆ ಮಕ್ಕಳು ಸೇರಿದರೆ ಮಾತ್ರ ಅವನಿಗೆ ಆ ವರ್ಷ ಕೆಲಸ.

ಅವನ ಮನೆ ನಂಜನಗೂಡಿನಲ್ಲಿ. ಅಪ್ಪನದು ಪೇಟೆಯಲ್ಲಿ ದವಸದ ಅಂಗಡಿ. ಮಗ ಅಂಗಡಿಯಲ್ಲಿ ಕೂರಲಿ ಎಂದು ಅಪ್ಪನ ಆಸೆ. ಮಗನಿಗೆ ಅಂಗಡಿಯ ತಕ್ಕಡಿಗಿಂತ ಬೆಲೆಗಳು ಯಾಕೆ ಏರುತ್ತವೆ, ಯಾಕೆ ಇಳಿಯುತ್ತವೆ ಎಂಬುದರ ಮೇಲೆಯೇ ಕಣ್ಣು. ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡಿದ. ಅಂಗಡಿಗೆ ತಮ್ಮ ಕೂತ. ಇವನು ದಿನಾ ಬೆಳಿಗ್ಗೆ ಸುತ್ತೂರಿನ ಮೇಲೆ ಹೋಗುವ ಬಸ್ಸು ಹಿಡಿದು ನರಸೀಪುರಕ್ಕೆ ಹೋಗಿ ಪಾಠ ಮಾಡಿ ಬರುತ್ತಿದ್ದ. ಹೆಂಡತಿ ಗುರುಮಲ್ಲಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಕೇರಿಯ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಬೇಸಿಗೆ ರಜೆಯಲ್ಲಿ ಕಾಲೇಜಿನಿಂದ ಸಂಬಳವಿಲ್ಲ. ಆಗ ಮನೆ ನಡೆಯುತ್ತಿದ್ದುದು ಆ ಮೆಷಿನ್ನಿನಿಂದಲೇ. ಆ ಮಾತನ್ನು ಅವಳು ಒಮ್ಮೆಯೂ ಆಡಿದವಳಲ್ಲ. ಆಡದೇ ಇರುವುದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು.

ತೊಂಬತ್ತೈದರ ಜೂನ್‌ನಲ್ಲಿ ಪ್ರಾಂಶುಪಾಲ ಪುಟ್ಟಬಸವಯ್ಯನವರು ಅವನನ್ನು ಒಳಗೆ ಕರೆದು ಕೂರಿಸಿದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವ ಮುಂಚೆ ಕಾಫಿ ತರಿಸುವವರು. ಕಾಫಿ ಬಂದಾಗಲೇ ಅಮೃತೇಶನಿಗೆ ಅರ್ಥವಾಯಿತು. ಹದಿನೈದು ಮಕ್ಕಳಾದರೂ ಸೇರದಿದ್ದರೆ ಈ ಸಲ ಅರ್ಥಶಾಸ್ತ್ರ ತೆಗೆದುಬಿಡೋಣ ಎಂದು ಆಡಳಿತ ಮಂಡಳಿ ತೀರ್ಮಾನಿಸಿದೆ ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಆ ಹೊತ್ತಿಗೆ ಹನ್ನೆರಡು ಮಂದಿ ಸೇರಿದ್ದರು. ಹುಡುಗರಿಗೆ ಅರ್ಥಶಾಸ್ತ್ರವೆಂದರೆ ಭಯ. ಗೆರೆ ಎಳೆಯಬೇಕು, ಲೆಕ್ಕ ಮಾಡಬೇಕು, ಫೇಲಾಗುತ್ತೇವೆ ಎಂಬ ಮಾತು ಸೀನಿಯರುಗಳಿಂದ ಜೂನಿಯರುಗಳಿಗೆ ಹರಿದು ಬರುತ್ತಿತ್ತು. ಲೆಕ್ಕಕ್ಕೆ ಹೆದರದವರು ಕಾಮರ್ಸಿಗೆ ಹೋಗುತ್ತಿದ್ದರು.

ಅಮೃತೇಶ ಹಳ್ಳಿಗಳ ಮೇಲೆ ಹೊರಟ. ಪಿಯುಸಿ ಪಾಸಾದ ಮಕ್ಕಳ ಮನೆ ಹುಡುಕಿಕೊಂಡು ಹೋಗಿ, ಜಗಲಿಯ ಮೇಲೆ ಕೂತು ಮಾತಾಡಿ, ಇಬ್ಬರನ್ನು ಒಪ್ಪಿಸಿದ. ಇನ್ನೊಬ್ಬರು ಬೇಕಿತ್ತು. ಮುಡುಕುತೊರೆಯಲ್ಲಿ ಶಾಂತಿ ಎಂಬ ಹುಡುಗಿಗೆ ಒಳ್ಳೆಯ ಅಂಕ ಬಂದಿದೆ, ಆದರೂ ಅರ್ಜಿ ಹಾಕಿಲ್ಲ ಎಂದು ಆಫೀಸಿನ ಗುಮಾಸ್ತ ಹೇಳಿದ. ಮರುದಿನವೇ ತಲಕಾಡಿನ ಬಸ್ಸು ಹತ್ತಿದ.

ಶಾಂತಿಯ ಅಪ್ಪ ಸಿದ್ದಯ್ಯ ಗದ್ದೆಯಲ್ಲಿದ್ದ. ಮನೆಯಲ್ಲಿದ್ದವಳು ಅವ್ವ ಚಿಕ್ಕಬಸಮ್ಮ. ಸಂತೆಯಿಂದ ಸಂತೆಗೆ ಸೊಪ್ಪು ತರಕಾರಿ ಮಾರುವ ಹೆಂಗಸು, ಮಾತಿನಲ್ಲಿ ಬಿಗಿ. ಅವನನ್ನು ಚಾಪೆಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಎದುರಿಗೆ ಕಂಬಕ್ಕೆ ಒರಗಿ ನಿಂತಳು. ಹುಡುಗಿಯನ್ನು ಓದಿಸುವ ಯೋಚನೆ ಇಲ್ಲವೆಂದು ಮೊದಲೇ ಹೇಳಿದಳು. ತನ್ನ ತಮ್ಮ ಶಿವು ನಂಜನಗೂಡಿನ ಹತ್ತಿರ ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಪ್ಯಾಕಿಂಗ್‌ಗೆ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದಾರೆ. ಅವನ ಮನೆಯಲ್ಲೇ ಇದ್ದುಕೊಂಡು ಹೋಗಿಬರಬಹುದು ಎಂದಳು. ಶಾಂತಿ ಒಳಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಅಮೃತೇಶ ಬಸ್ಸಿನಲ್ಲಿ ಕೂತು ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಹೇಳಿದ. ಬ್ಯಾಂಕಿನಲ್ಲಿ ಗುಮಾಸ್ತೆಯಾಗಬಹುದು, ಸಹಕಾರ ಸಂಘಗಳಿವೆ, ಅಂಕಿಅಂಶಗಳ ಇಲಾಖೆ ಇದೆ, ಬಿ.ಎಡ್. ಮಾಡಿದರೆ ಹೈಸ್ಕೂಲ್ ಟೀಚರ್, ಎಂ.ಎ. ಮಾಡಿದರೆ ಲೆಕ್ಚರರ್, ತಹಸೀಲ್ದಾರ್ ಪರೀಕ್ಷೆಗೂ ಈ ವಿಷಯ ಉಪಯೋಗ ಎಂದ. ಚಿಕ್ಕಬಸಮ್ಮ ಒಂದೊಂದನ್ನೂ ಕೇಳಿಸಿಕೊಂಡು ಕೊನೆಗೆ ಕೇಳಿದಳು:

"ಸಾ, ಇದ ಓದ್ದೋರ್ನ ಎಲ್ರೂನೂವೆ ತಕ್ಕತಾರಾ?"

"ಎಲ್ಲರನ್ನೂ ಇಲ್ಲಮ್ಮ. ಪರೀಕ್ಷೆ ಬರೀಬೇಕು. ಕೆಲವರಿಗೆ ಸಿಗುತ್ತೆ."

"ನೀವು ಇಷ್ಟು ದೂರದಿಂದ ಬಂದು ಯೋಳ್ತಾ ಇದೀರಲ್ಲ, ನಿಮ್ಗೇನ್ ಸಿಕ್ಕದು ಇದ್ರಿಂದ?"

ಹೀಗೆ ಯಾರೂ ಕೇಳಿರಲಿಲ್ಲ. ಅಮೃತೇಶ ಮಜ್ಜಿಗೆಯ ಲೋಟ ಕೆಳಗಿಟ್ಟ. ಸುಳ್ಳು ಹೇಳಬಹುದಿತ್ತು, ಆದರೆ ಆ ಹೆಂಗಸಿನ ದೃಷ್ಟಿಯ ಎದುರಿಗೆ ಸುಳ್ಳು ಬಾಯಿಗೇ ಬರಲಿಲ್ಲ. ನಿಮ್ಮ ಮಗಳು ಸೇರಿದರೆ ನನ್ನ ಕೆಲಸ ಒಂದು ವರ್ಷ ಉಳಿಯುತ್ತದೆ ಎಂದು ಹೇಳಿಬಿಟ್ಟ. ಹೇಳಿದ ಮೇಲೆ, ಆಯಿತು, ಇನ್ನು ಎದ್ದು ಹೋಗುವುದೇ ಎಂದುಕೊಂಡ.

ಚಿಕ್ಕಬಸಮ್ಮ ಬಂದು ಲೋಟ ಎತ್ತಿಕೊಂಡಳು. "ಇದ್ದುದ್ದ ಇದ್ದಂಗೆ ಯೋಳುದ್ರಿ," ಎಂದಳು. "ಆಯ್ತು. ನಿಮ್ ಮಾತ್ ಮ್ಯಾಲೆ ಬುಡ್ತೀನಿ ಸಾ. ಮೂರ್ ವರ್ಸ. ಆಮ್ಯಾಕೆ ಕೂಸು ಮನೇಲಿ ಕುಂತ್ಕಬಾರ್ದು."

ತಿರುಗಿ ಬರುವ ಬಸ್ಸಿನಲ್ಲಿ ಅವನಿಗೆ ಸಂತೋಷವಾಗಬೇಕಿತ್ತು. ಸಂಖ್ಯೆ ತುಂಬಿತ್ತು. ಆದರೆ 'ನಿಮ್ಮ ಮಾತಿನ ಮೇಲೆ' ಎಂಬುದು ತಲೆಯಲ್ಲಿ ಕೂತುಬಿಟ್ಟಿತು. ನರಸೀಪುರ ದಾಟಿ, ಸುತ್ತೂರು ದಾಟಿ ನಂಜನಗೂಡಿನಲ್ಲಿ ಇಳಿದರೂ ಅದು ಅಲ್ಲೇ ಇತ್ತು.

ಶಾಂತಿ ಕಾಲೇಜಿಗೆ ಬಂದಳು. ಮೊದಲ ಆರು ತಿಂಗಳು ತರಗತಿಯಲ್ಲಿ ಅವಳ ದನಿಯೇ ಕೇಳಲಿಲ್ಲ. ಬೇಡಿಕೆ, ಪೂರೈಕೆಯ ಪಾಠ ಮಾಡುತ್ತಿದ್ದಾಗ ಒಂದು ದಿನ ಅಮೃತೇಶ, ಬೆಳಿಗ್ಗೆ ಅಷ್ಟು ಬೆಲೆ ಹೇಳುವ ಟೊಮೆಟೊ ಸಂತೆಯಲ್ಲಿ ಸಾಯಂಕಾಲ ಯಾಕೆ ಅಗ್ಗವಾಗುತ್ತದೆ ಎಂದು ಕೇಳಿದ. ಒಬ್ಬ ಬಾಡುತ್ತದೆ ಎಂದ, ಇನ್ನೊಬ್ಬ ಕೊಳ್ಳುವವರು ಕಡಿಮೆ ಎಂದ. ಹಿಂದಿನ ಬೆಂಚಿನಿಂದ ಶಾಂತಿ, "ಕೊನೇ ಬಸ್ಸು ಸಾ," ಎಂದಳು. ತರಗತಿ ನಕ್ಕಿತು. ಅವಳು ಕೆಂಪಾದಳು. ಆದರೂ ಬಿಡದೆ ಹೇಳಿದಳು: ಮುಡುಕುತೊರೆ ಕಡೆಯವರು ಕೊನೆಯ ಬಸ್ಸಿಗೆ ಹೋಗಲೇಬೇಕು, ಟೊಮೆಟೊ ಹೊತ್ತು ಹೋದರೆ ಅದಕ್ಕೂ ಚಾರ್ಜು, ಅದಕ್ಕೇ ನಮ್ಮವ್ವ ಬಸ್ಸಿನ ಹಾರ್ನು ಕೇಳಿದ ತಕ್ಷಣ ಅರ್ಧಕ್ಕರ್ಧ ಬೆಲೆ ಇಳಿಸುತ್ತಾಳೆ, ಸಂತೆಯ ಹತ್ತಿರವೇ ಮನೆ ಇರುವವರು ಇಳಿಸುವುದಿಲ್ಲ. ಅಮೃತೇಶ ಬೋರ್ಡಿನ ಮೇಲೆ ಎಳೆದಿದ್ದ ಗೆರೆಯನ್ನು ಅಳಿಸಿ, ಅವಳು ಹೇಳಿದ್ದಕ್ಕೆ ತಕ್ಕ ಹಾಗೆ ಮತ್ತೆ ಎಳೆದ. ಅಷ್ಟು ಖುಷಿಯಾದ ದಿನ ಆ ಕಾಲೇಜಿನಲ್ಲಿ ಅವನಿಗೆ ಬೇರೆ ಇರಲಿಲ್ಲ. ಆ ಖುಷಿಯ ಬೆನ್ನಿಗೇ ಹಳೆಯ ಹೆದರಿಕೆಯೂ ಬಂತು: ಇಷ್ಟು ಚುರುಕಾದ ಹುಡುಗಿ, ನಾಳೆ ಇವಳಿಗೆ ಕೆಲಸ ಸಿಗದಿದ್ದರೆ?

ಸಿಗಲಿಲ್ಲ. ತೊಂಬತ್ತೆಂಟರಲ್ಲಿ ಶಾಂತಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಬ್ಯಾಂಕಿನ ಪರೀಕ್ಷೆಗಳು ಅಪರೂಪವಾಗಿದ್ದವು. ಬರೆದದ್ದರಲ್ಲಿ ಇಂಗ್ಲಿಷ್ ಕೈಕೊಟ್ಟಿತು. ಸರ್ಕಾರದ ನೇಮಕಾತಿ ವರ್ಷಗಟ್ಟಲೆ ನಿಂತಿತ್ತು. ಬಿ.ಎಡ್.ಗೆ ಸೀಟು ಸಿಗಲಿಲ್ಲ. ಭಾನುವಾರಗಳಂದು ಅವಳು ಇನ್ನಿಬ್ಬರು ಹುಡುಗಿಯರ ಜೊತೆ ನಂಜನಗೂಡಿಗೆ ಬಂದು, ಗುರುಮಲ್ಲಮ್ಮನ ಮೆಷಿನ್ನಿನ ಪಕ್ಕದಲ್ಲಿ ನೆಲದ ಮೇಲೆ ಕೂತು ಅಮೃತೇಶನ ಹತ್ತಿರ ಲೆಕ್ಕ, ಸಾಮಾನ್ಯ ಜ್ಞಾನ ಹೇಳಿಸಿಕೊಂಡು ಹೋಗುತ್ತಿದ್ದಳು. ಶೇಕಡಾವಾರು ಲೆಕ್ಕ ಹೇಳಿಕೊಡುತ್ತಲೇ ಅವನು ಅವಳ ಮುಖ ನೋಡುತ್ತಿದ್ದ. ಬೇಸರ ಕಾಣುತ್ತಿದೆಯೇ? ನನ್ನ ಮೇಲೆ ಸಿಟ್ಟಿದೆಯೇ? ಏನೂ ತಿಳಿಯುತ್ತಿರಲಿಲ್ಲ.

ಶಿವು ಮಾತ್ರ ಬಿಡುತ್ತಿರಲಿಲ್ಲ. ತಾಂಡ್ಯದಿಂದ ಶಿಫ್ಟ್ ಮುಗಿಸಿ ಬರುವವನು ಬಸ್ ಸ್ಟ್ಯಾಂಡಿನ ಮುಂದಿನ ಟೀ ಅಂಗಡಿಯಲ್ಲಿ ಅಮೃತೇಶನನ್ನು ಕಂಡರೆ ಸಾಕು, ನಾಲ್ಕು ಜನರ ಎದುರಿಗೆ ಕೇಳುವನು: "ಏನ್ ಸಾ, ನಮ್ ಕೂಸ್ಗೆ ಏನಾರ ಆಯ್ತಾ?" ಅವನ ಕಾರ್ಖಾನೆಯಲ್ಲಿ ಆಗ ಪ್ಯಾಕಿಂಗ್‌ಗೆ ಸೇರಿದ ಹುಡುಗಿಯರು ಈಗ ಖಾಯಂ ಆಗಿದ್ದಾರಂತೆ, ಪಿ.ಎಫ್. ಕೂಡ ಇದೆಯಂತೆ. ಅಮೃತೇಶ ಟೀ ಅಂಗಡಿ ಬದಲಿಸಿದ. ಆಮೇಲೆ ಬಸ್ಸು ಇಳಿಯುವ ಸ್ಟಾಪನ್ನೂ ಬದಲಿಸಿದ. ಸುತ್ತು ಹಾದಿಯಲ್ಲಿ ಮನೆಗೆ ಬರುವುದು ಅಭ್ಯಾಸವಾಯಿತು. ಗುರುಮಲ್ಲಮ್ಮ ತಡವಾಯಿತಲ್ಲ ಎಂದು ಕೇಳಿದರೆ ಬಸ್ಸು ಲೇಟು ಎನ್ನುತ್ತಿದ್ದ.

ಚಿಕ್ಕಬಸಮ್ಮ ಒಮ್ಮೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವಳು ಕೆಲಸದ ವಿಚಾರವನ್ನೇ ಎತ್ತಲಿಲ್ಲ. ಬುಟ್ಟಿಯಿಂದ ಎರಡು ಕಟ್ಟು ದಂಟಿನ ಸೊಪ್ಪು ತೆಗೆದು ಅವನ ಬ್ಯಾಗಿಗೆ ತುರುಕಿ, ಅಮ್ಮೋರಿಗೆ ಕೊಡಿ ಎಂದು ಹೇಳಿ ಬಸ್ಸು ಹತ್ತಿದಳು. ಮನೆಗೆ ಬಂದು ಆ ಸೊಪ್ಪಿನ ಸಾರು ಉಣ್ಣಲು ಅವನಿಗೆ ಆಗಲಿಲ್ಲ.

ಎರಡು ಸಾವಿರದ ಇಸವಿಯಲ್ಲಿ ಬ್ಯಾಂಕುಗಳು ಹೊಸಬರನ್ನು ತೆಗೆದುಕೊಳ್ಳುವುದಿರಲಿ, ಇದ್ದವರನ್ನೇ ಸ್ವಯಂ ನಿವೃತ್ತಿ ಕೊಟ್ಟು ಕಳಿಸುತ್ತಿವೆ ಎಂಬ ಸುದ್ದಿ ಪೇಪರಿನಲ್ಲಿ ಬಂತು. ಅದನ್ನು ಓದಿದ ದಿನ ಅಮೃತೇಶ ತರಗತಿಯಲ್ಲಿ ಹಣಕಾಸು ಸಂಸ್ಥೆಗಳ ಪಾಠ ಮಾಡಬೇಕಿತ್ತು. ಬ್ಯಾಂಕು ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ನಾಲಿಗೆ ತೊದಲಿತು.

ಅದೇ ವರ್ಷದ ಕೊನೆಯಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಮನೆಮನೆಗೆ ಹೋಗಿ ಕುಟುಂಬದ ಖರ್ಚುವೆಚ್ಚದ ಸರ್ವೆ ಮಾಡುವ ಕೆಲಸ; ಗುತ್ತಿಗೆಯ ಮೇಲೆ; ಪರೀಕ್ಷೆ ಮೈಸೂರಿನಲ್ಲಿ. ಪದವಿಯಲ್ಲಿ ಅರ್ಥಶಾಸ್ತ್ರ, ಗಣಿತ ಅಥವಾ ಸಂಖ್ಯಾಶಾಸ್ತ್ರ ಓದಿರಲೇಬೇಕು ಎಂದಿತ್ತು. ಅವನು ಆ ಸಾಲನ್ನು ಮೂರು ಸಲ ಓದಿದ. ಭಾನುವಾರ ಶಾಂತಿ ಬಂದಾಗ ಪೇಪರು ಅವಳ ಕೈಗಿಟ್ಟ. ಅವಳ ಜೊತೆ ಬರುತ್ತಿದ್ದ ಇಬ್ಬರೂ ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡವರು. ಅವರು ಅರ್ಜಿ ಹಾಕುವ ಹಾಗಿರಲಿಲ್ಲ. ಶಾಂತಿ ಹಾಕಬಹುದಿತ್ತು. ಐದು ವರ್ಷದಲ್ಲಿ ಮೊದಲ ಸಲ, ಅವಳು ಅರ್ಥಶಾಸ್ತ್ರ ಓದಿದ್ದು ಒಂದು ಬಾಗಿಲು ತೆರೆಯಲು ಒದಗಿಬಂತು.

ಅವಳು ಹೋದ ಮೇಲೆ ಗುರುಮಲ್ಲಮ್ಮ ಮೆಷಿನ್ ನಿಲ್ಲಿಸಿ ಹೇಳಿದಳು: "ನೀವೂ ಒಂದ್ ಅರ್ಜಿ ಹಾಕಿ ಕಣ್ರೀ. ನಿಮ್ದೂ ಅದೇ ಓದಲ್ವಾ?"

ಶಿಷ್ಯೆಯ ಜೊತೆ ತಾನೂ ಅರ್ಜಿ ಹಾಕುವುದೇ? ಆದರೆ ಹೆಂಡತಿ ಹೇಳಿದ್ದರಲ್ಲಿ ತಪ್ಪೇನಿತ್ತು? ಮುಂದಿನ ಜೂನ್‌ಗೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಉಳಿಯುವುದು ಅನುಮಾನ ಎಂದು ಪುಟ್ಟಬಸವಯ್ಯನವರು ಸೂಚನೆ ಕೊಟ್ಟಾಗಿತ್ತು. ಇನ್ನೊಂದು ವರ್ಷ ಕಳೆದರೆ ವಯಸ್ಸೂ ಮೀರುತ್ತಿತ್ತು. ಯಾರಿಗೂ ಹೇಳದೆ ಅರ್ಜಿ ಹಾಕಿದ.

ಪರೀಕ್ಷೆಯ ದಿನ ಮೈಸೂರಿನ ಆ ಶಾಲೆಯ ಅಂಗಳದಲ್ಲಿ ಹುಡುಗ ಹುಡುಗಿಯರ ಜಾತ್ರೆಯೇ ನೆರೆದಿತ್ತು. ತಲೆಯಲ್ಲಿ ನರೆ ಇಣುಕುತ್ತಿದ್ದವನು ತಾನೊಬ್ಬನೇ ಎಂದು ಅವನಿಗೆ ಅನ್ನಿಸಿತು. ಮರದ ಮರೆಯಲ್ಲಿ ನಿಂತಿದ್ದವನನ್ನು ಶಾಂತಿ ಕಂಡುಹಿಡಿದು ಓಡಿಬಂದಳು. ಮೇಷ್ಟ್ರು ತನಗೆ ಧೈರ್ಯ ಹೇಳಲೆಂದೇ ಇಷ್ಟು ದೂರ ಬಂದಿದ್ದಾರೆ ಎಂದು ಅವಳು ತಿಳಿದಳು. ಅವಳ ಕಣ್ಣಿನಲ್ಲಿ ಅದು ಕಾಣುತ್ತಿತ್ತು. ಅಮೃತೇಶ ಬಾಯಿಗೆ ಬಂದದ್ದು ಹೇಳಿಬಿಟ್ಟ: ಇಲ್ಲಿ ಮೇಲ್ವಿಚಾರಣೆಗೆ ಕರೆದಿದ್ದಾರೆ, ಅದಕ್ಕೆ ಬಂದೆ ಎಂದ. ಚೆನ್ನಾಗಿ ಬರೆ, ಗಾಬರಿಯಾಗಬೇಡ ಎಂದೂ ಸೇರಿಸಿದ. ಅವಳು ತಲೆಯಾಡಿಸಿ ಹೋದಳು.

ಮುಡುಕುತೊರೆಯ ಆ ಚಾಪೆಯ ಮೇಲೆ ಸುಳ್ಳು ಹೇಳದವನು ಇಲ್ಲಿ ಹೇಳಿದ್ದ. ಹಾಗೇ ಬಸ್ಸು ಹತ್ತಿ ಊರಿಗೆ ಹೋಗಿಬಿಡೋಣವೆನ್ನಿಸಿತು. ಗೇಟಿನವರೆಗೂ ಹೋದ. ಬೆಲ್ಲು ಹೊಡೆಯಿತು. ಮನೆಯಲ್ಲಿ ಮೆಷಿನ್ ತುಳಿಯುತ್ತಿರುವ ಹೆಂಡತಿ ನೆನಪಾದಳು. ತಿರುಗಿ ಬಂದು ತನ್ನ ನಂಬರಿನ ಕೋಣೆ ಹುಡುಕಿ ಕೂತ. ಎದುರಿನ ಸಾಲಿನಲ್ಲಿ, ಎರಡು ಬೆಂಚು ಮುಂದೆ, ಶಾಂತಿಯ ಜಡೆ ಕಾಣಿಸಿತು. ಅವಳು ತಿರುಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಪ್ರಶ್ನೆಪತ್ರಿಕೆ ಹಿಂದಕ್ಕೆ ಕೊಡಲು ಅವಳು ತಿರುಗಿದಳು. ಕಂಡಳು. ಒಂದು ಗಳಿಗೆ ಅವಳ ಕೈ ಹಾಗೇ ನಿಂತಿತು. ಆಮೇಲೆ ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ತಿರುಗಿ ಬರೆಯತೊಡಗಿದಳು.

ಅಮೃತೇಶನ ಕಣ್ಣ ಮುಂದೆ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕುಳಿತವು. ತಾನೇ ನೂರು ಸಲ ಹೇಳಿಕೊಟ್ಟ ಲೆಕ್ಕಗಳು ಬೇರೆ ಯಾರದೋ ಎಂಬಂತೆ ಕಂಡವು. ಹೊತ್ತು ಮುಗಿದಾಗ ಕೊನೆಯ ಪುಟ ಹಾಗೇ ಖಾಲಿ ಇತ್ತು.

ಎಲ್ಲರೂ ಹೋಗಲಿ ಎಂದು ಕಾದು ಹೊರಬಂದ. ಗೇಟಿನ ಹತ್ತಿರ ಶಾಂತಿ ನಿಂತಿದ್ದಳು. ಇನ್ನೇನು ಕೇಳುತ್ತಾಳೋ ಎಂದು ಅವನು ಹೆಜ್ಜೆ ನಿಧಾನಿಸಿದ. ಅವಳು ಪ್ರಶ್ನೆಪತ್ರಿಕೆ ಬಿಚ್ಚಿ ಹಿಡಿದು ಕೇಳಿದಳು:

"ಸಾ, ಈ ಬೆಲೆ ಸೂಚ್ಯಂಕದ್ ಲೆಕ್ಕದಲ್ಲಿ ಮೂಲ ವರ್ಷ ಯಾವ್ದು ಇಟ್ಕಂಡ್ರಿ?"

ಅವನು ಹೇಳಿದ. ಅವಳು ಬೇರೆ ವರ್ಷ ಇಟ್ಟುಕೊಂಡಿದ್ದಳು. ಇಬ್ಬರೂ ನಿಂತಲ್ಲೇ ಪ್ರಶ್ನೆ ಮತ್ತೆ ಓದಿದರು. ಅವಳದೇ ಸರಿ ಇತ್ತು. ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗ ಅವನು, ಅವ್ವನಿಗೆ ಇದನ್ನೆಲ್ಲ ಹೇಳಬೇಡ ಎಂದು ಮೆಲ್ಲಗೆ ಕೇಳಿಕೊಂಡ.

"ಯಾಕ್ ಸಾ?" ಎಂದಳು ಶಾಂತಿ. "ನಿಮ್ ಕೆಲ್ಸಾನೂ ಗಟ್ಟಿ ಇಲ್ಲ ಅಂತ ನಮ್ಮವ್ವಂಗೆ ಅವತ್ತೇ ಗೊತ್ತಾಯ್ತಲ್ಲ. ತಾಂಡ್ಯಕ್ಕೆ ಕಳ್ಸಾಕೆ ಅವ್ಳಿಗೂ ಇಷ್ಟ ಇರ್ನಿಲ್ಲ. ಮಾಮನ್ ಬಾಯಿ ಮುಚ್ಸಾಕೆ ಒಂದ್ ದೊಡ್ಡೋರ್ ಮಾತು ಬೇಕಾಗಿತ್ತು, ಅಷ್ಟೆ."

ಐದು ವರ್ಷ ಒಬ್ಬನೇ ಹೊತ್ತುಕೊಂಡಿದ್ದ ಭಾರದಲ್ಲಿ ಅರ್ಧ ಆ ಹೆಂಗಸಿನದೂ ಆಗಿತ್ತು ಎಂದು ತಿಳಿದು ಹಗುರವಾಗಬೇಕಿತ್ತು. ಅದರ ಬದಲು, ಸುತ್ತು ಹಾದಿ ಹಿಡಿದು ನಡೆದ ಅಷ್ಟು ಸಂಜೆಗಳು ಕಣ್ಣ ಮುಂದೆ ಬಂದು ನಾಚಿಕೆಯಾಯಿತು.

ಶಾಂತಿಗೆ ಕೆಲಸವಾಯಿತು. ಅವನಿಗೆ ಆಗಲಿಲ್ಲ. ಗೋಡೆಗೆ ಅಂಟಿಸಿದ ನಂಬರುಗಳಲ್ಲಿ ಅವಳದನ್ನು ಮೊದಲು ಹುಡುಕಿದ. ತನ್ನದನ್ನು ಹುಡುಕುವ ಮುಂಚೆಯೇ ಇಲ್ಲವೆಂದು ಗೊತ್ತಿತ್ತು. ಮನೆಗೆ ಬಂದು ಹೇಳಿದಾಗ ಗುರುಮಲ್ಲಮ್ಮ, ಒಬ್ಬರಿಗಾದರೂ ಆಯಿತಲ್ಲ ಎಂದಳು. ಮುಂದಿನ ಜೂನ್‌ನಲ್ಲಿ ಪುಟ್ಟಬಸವಯ್ಯನವರು ಮತ್ತೆ ಕಾಫಿ ತರಿಸಿದರು. ಆ ಸಲ ಅರ್ಥಶಾಸ್ತ್ರಕ್ಕೆ ಸೇರಿದವರು ಆರು ಜನ. ಅವರನ್ನು ಐಚ್ಛಿಕ ಕನ್ನಡಕ್ಕೆ ಬದಲಾಯಿಸಿದರು. ಅಮೃತೇಶ ತನ್ನ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದುಬಿಟ್ಟ.

ಆಮೇಲಿನ ದಿನಗಳು ಕೆಟ್ಟದಾಗಿದ್ದವು. ಬೆಳಿಗ್ಗೆ ಎದ್ದರೆ ಹೋಗಲು ಜಾಗವಿಲ್ಲ. ತಮ್ಮನ ಅಂಗಡಿಗೆ ಹೋಗಿ ಕೂತರೆ ಗಿರಾಕಿಗಳು, ಏನು ಮೇಷ್ಟ್ರೇ ಇವತ್ತು ರಜೆಯೇ ಎನ್ನುವರು. ಹತ್ತನೆಯ ತರಗತಿ ಮಕ್ಕಳಿಗೆ ಟ್ಯೂಷನ್ ಶುರು ಮಾಡಿದ. ಬಂದವರು ಗಣಿತ ಕೇಳುವರು, ಇಂಗ್ಲಿಷ್ ಕೇಳುವರು. ಅರ್ಥಶಾಸ್ತ್ರ ಕೇಳುವವರು ಯಾರಿದ್ದಾರೆ?

ಆ ಮಳೆಗಾಲದ ಒಂದು ದಿನ ಪಕ್ಕದ ಅಂಗಡಿಯ ಫೋನಿಗೆ ಶಾಂತಿಯ ಕರೆ ಬಂತು. ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಿಂದ ಮಾತಾಡುತ್ತಿದ್ದಳು. ಎರಡು ದಿನದಿಂದ ಆ ಊರಿನಲ್ಲಿ ಯಾವ ಮನೆಯವರೂ ಬಾಯಿ ಬಿಡುತ್ತಿಲ್ಲ. ಏನು ತಿಂತೀರಿ, ಎಷ್ಟು ಕೊಳ್ತೀರಿ ಎಂದು ಬರೆದುಕೊಂಡು ಹೋಗಿ ರೇಷನ್ ಕಾರ್ಡು ಕಿತ್ತುಕೊಳ್ಳುತ್ತಾರೆ ಎಂದು ಸುದ್ದಿಯಾಗಿದೆ. ಊರಿನ ಹಿರಿಯರೇ ಬೇಡವೆಂದಿದ್ದಾರೆ. ಹೀಗೆಯೇ ವಾಪಸು ಹೋದರೆ ಗುತ್ತಿಗೆ ಮುಂದುವರಿಸುವುದಿಲ್ಲ ಎಂದಳು. ಅಮೃತೇಶ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಹೋಗಿ ಏನು ಮಾಡಬೇಕೆಂದು ಮಾತ್ರ ಬಸ್ಸಿನಲ್ಲಿ ಕೂತಷ್ಟು ಹೊತ್ತೂ ತಿಳಿಯಲಿಲ್ಲ.

ಊರ ಹಿರಿಯನ ಹೆಸರು ದೊಡ್ಡಮಾದಯ್ಯ. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಸುತ್ತ ಹತ್ತಾರು ಜನ. ಶಾಂತಿ ಬ್ಯಾಗನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಅಮೃತೇಶ, ತಾನು ಇವಳಿಗೆ ಪಾಠ ಹೇಳಿದ ಮೇಷ್ಟ್ರು ಎಂದು ಪರಿಚಯ ಹೇಳಿಕೊಂಡು, ಯೋಜನೆ ಮಾಡಲು ಸರ್ಕಾರಕ್ಕೆ ಅಂಕಿಅಂಶ ಯಾಕೆ ಬೇಕು ಎಂದು ಶುರುಮಾಡಿದ. ಜನ ಆಕಳಿಸಿದರು. ದೊಡ್ಡಮಾದಯ್ಯ ಕೈಯೆತ್ತಿ ನಿಲ್ಲಿಸಿದ.

"ಅದೆಲ್ಲ ಇರ್ಲಿ ಮ್ಯಾಷ್ಟ್ರೇ. ನಮ್ ಕಾರ್ಡು ಓಗಕಿಲ್ಲ ಅಂತ ನೀವು ಜವಾಬ್ದಾರಿ ಒತ್ಕತೀರಾ?"

ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಹ್ಞೂ ಎಂದುಬಿಟ್ಟರೆ ಕೆಲಸವಾಗುತ್ತಿತ್ತು. ಇನ್ನೊಬ್ಬರ ಬದುಕಿಗೆ ಮಾತು ಕೊಟ್ಟು ವರ್ಷಗಟ್ಟಲೆ ಬೆಂದದ್ದು ಅವನಿಗೇ ಗೊತ್ತು.

"ಸರ್ಕಾರ ನಾಳೆ ಏನ್ ಮಾಡುತ್ತೋ ನಂಗೆ ಗೊತ್ತಿಲ್ಲ ಯಜಮಾನ್ರೇ," ಎಂದ. "ಅದ್ಕೆ ನಾನು ಜವಾಬ್ದಾರಿ ಹೊರೋಕಾಗಲ್ಲ. ಈ ಹುಡುಗಿ ಬರ್ಕೊಳ್ಳೋದು ರೇಷನ್ ಆಫೀಸಿಗೆ ಹೋಗಲ್ಲ, ಅಷ್ಟು ಮಾತ್ರ ಗೊತ್ತು."

ಜನರಲ್ಲಿ ಗುಸುಗುಸು ಎದ್ದಿತು. ಕೆಲಸ ಕೆಡಿಸಿದೆ ಎಂದುಕೊಂಡ ಅಮೃತೇಶ ಶಾಂತಿಯ ಕಡೆ ನೋಡಲಾರದೆ ನೆಲ ನೋಡಿದ. ಆಗ ಅವಳು ಮುಂದೆ ಬಂದಳು.

"ತಾತ, ನೀವು ಏನ್ ಉಣ್ತೀರಿ ಅಂತ ಯಾರೂ ಬಂದು ಕೇಳ್ದೆ ಇದ್ರೆ, ದೂರದಲ್ಲಿ ಕುಂತೋರು ಅವ್ರು ಉಣ್ಣದ್ನೇ ನೀವೂ ಉಣ್ತೀರಿ ಅನ್ಕತಾರೆ. ನಮ್ಮವ್ವ ಸೊಪ್ಪು ಮಾರೋಳು. ನಮ್ಮಟ್ಟೀಲಿ ತಿಂಗ್ಳಿಗೆ ಎಷ್ಟ್ ಎಣ್ಣೆ ತತ್ತೀವಿ ಅಂತ ಇದುವರ್ಗೂ ಯಾರೂ ಕೇಳಿಲ್ಲ. ಅದ್ಕೇ ನಾನು ಕೇಳಾಕೆ ಬಂದಿವ್ನಿ."

ದೊಡ್ಡಮಾದಯ್ಯ ಸೊಸೆಯನ್ನು ಕರೆದು ಚಾಪೆ ಹಾಸಲು ಹೇಳಿದ. ಶಾಂತಿ ಕೂತು, ರಾಗಿ, ಅಕ್ಕಿ, ಬೇಳೆ, ಎಣ್ಣೆ ಎಂದು ಒಂದೊಂದಾಗಿ ಕೇಳತೊಡಗಿದಳು. ಮುದುಕ ನಿಧಾನವಾಗಿ ಯೋಚಿಸಿ ಉತ್ತರ ಹೇಳುತ್ತಿದ್ದ. ತಪ್ಪಿದರೆ ಸೊಸೆ ಬಾಗಿಲ ಹಿಂದಿನಿಂದ ತಿದ್ದುತ್ತಿದ್ದಳು. ಕಾಳಿನ ಹೆಸರು ಬಂದಾಗ ಶಾಂತಿ ಮನೆಯಲ್ಲಿ ಬೆಳೆದದ್ದು ಬೇರೆ, ಕೊಂಡದ್ದು ಬೇರೆ ಎಂದು ಬಿಡಿಸಿ ಕೇಳಿದಳು. ಅಮೃತೇಶ ಕಂಬಕ್ಕೆ ಒರಗಿ ಕೇಳಿಸಿಕೊಂಡ. ಕುಟುಂಬದ ಅನುಭೋಗ ವೆಚ್ಚ ಎಂದು ತಾನು ಹತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದು ಇದೇ ಎಂದು ಅವನಿಗೆ ಅಂದು ಕಂಡಿತು. ಎಲ್ಲ ಮನೆಯವರೂ ಒಪ್ಪಲಿಲ್ಲ. ಮೂರು ನಾಲ್ಕು ಮನೆಯವರು ಕೊನೆಯವರೆಗೂ ಬಾಗಿಲು ತೆಗೆಯಲಿಲ್ಲ. ಆದರೆ ಗುತ್ತಿಗೆ ಉಳಿಯುವಷ್ಟು ಕೆಲಸವಾಯಿತು.

ಆಮೇಲೆ ಅಮೃತೇಶ ಹಳೆಯ ಟೀ ಅಂಗಡಿಗೆ ಹೋಗಿ ಕೂರಲು ಶುರುಮಾಡಿದ. ಅವನ ಕೈಕೆಳಗೆ ಓದಿದವರು ಒಬ್ಬೊಬ್ಬರೇ ಸಿಗುತ್ತಿದ್ದರು. ಒಬ್ಬ ಹಾಲಿನ ಸೊಸೈಟಿಯ ಕಾರ್ಯದರ್ಶಿಯಾಗಿದ್ದ. ಒಬ್ಬಳು ಬದನವಾಳಿನ ಖಾದಿ ಕೇಂದ್ರದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಇನ್ನೊಬ್ಬ ಶಿವುವಿನ ಕಾರ್ಖಾನೆಯಲ್ಲೇ ಸ್ಟೋರ್ ಕೀಪರ್. ಒಬ್ಬ ಎಂ.ಎ. ಮುಗಿಸಿ, ಮೇಷ್ಟ್ರಂತೆಯೇ ಪಾರ್ಟ್‌ಟೈಮ್ ಕೆಲಸಕ್ಕೆ ಅಲೆಯುತ್ತಿದ್ದ. ಏನೂ ಆಗದೆ ಊರಲ್ಲಿ ಉಳಿದವರೂ ಇದ್ದರು. ಅವರು ಎದುರಾದರೆ ಅಮೃತೇಶನಿಗೆ ಈಗಲೂ ಅಳುಕು. ಆದರೆ ರಸ್ತೆ ಬದಲಿಸುತ್ತಿರಲಿಲ್ಲ.

ಎರಡು ಸಾವಿರದ ಮೂರರಲ್ಲಿ ನಂಜನಗೂಡಿನ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಜಾಗ ಖಾಲಿಯಾಯಿತು. ಕಾಮರ್ಸ್ ಓದುವವರಿಗೂ ಅಲ್ಲಿ ಅರ್ಥಶಾಸ್ತ್ರ ಇತ್ತು, ಮಕ್ಕಳಿಗೆ ಬರವಿರಲಿಲ್ಲ. ಅಮೃತೇಶನನ್ನು ತೆಗೆದುಕೊಂಡರು. ಆರಂಭದಲ್ಲಿ ಒಂದು ವರ್ಷಕ್ಕೆ, ಆಮೇಲೆ ಖಾಯಂ ಮಾಡುತ್ತೇವೆ ಎಂದರು. ಖಾಯಮಾಗುವವರೆಗೆ ಅವನು ದಿನವೂ ಹೆದರಿದ. ಖಾಯಮಾದ ಮೇಲೂ ಸ್ವಲ್ಪ ದಿನ ಹೆದರಿದ.

ಮರುವರ್ಷ ಶಾಂತಿ ಇಲಾಖೆಯ ಪರೀಕ್ಷೆ ಬರೆದು ಅಂಕಿಅಂಶಗಳ ಕಚೇರಿಯಲ್ಲಿ ಗಣತಿದಾರಳಾದಳು. ಊರು ಚಾಮರಾಜನಗರ. ಆದೇಶ ಬಂದ ವಾರ ಚಿಕ್ಕಬಸಮ್ಮನನ್ನೂ ಕರೆದುಕೊಂಡು ಮೇಷ್ಟ್ರ ಮನೆಗೆ ಬಂದಳು. ಕೆಲಸಕ್ಕೆ ಸೇರುವ ದಿನಕ್ಕೆ ಹೊಸ ರವಿಕೆ ಬೇಕಾಗಿತ್ತು. ಗುರುಮಲ್ಲಮ್ಮ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದಾಗ ಶಾಂತಿ ಸಪ್ಪಗಿದ್ದಳು. ಏನೆಂದು ಕೇಳಿದರೆ, ಆ ಕಚೇರಿಯಲ್ಲಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹಾಕಬೇಕಂತೆ, ತಾನು ಅದನ್ನು ಮುಟ್ಟಿಯೂ ಇಲ್ಲ, ಮೊದಲ ದಿನವೇ ಬೈಸಿಕೊಂಡರೆ ಎಂದಳು. ಮೇಷ್ಟ್ರಿಗೆ ಗೊತ್ತಿದ್ದರೆ ಹೇಳಿಕೊಡಿ ಎಂದು ಕೇಳಿದಳು.

ಅಮೃತೇಶನಿಗೂ ಗೊತ್ತಿರಲಿಲ್ಲ. ಅವನ ಕಾಲೇಜಿಗೂ ಆ ವರ್ಷ ಎರಡು ಕಂಪ್ಯೂಟರು ಬಂದಿದ್ದವು, ಅಂಕಪಟ್ಟಿ ಅದರಲ್ಲೇ ಮಾಡಬೇಕು ಎಂದಾಗಿನಿಂದ ಅವನಿಗೂ ಅದೇ ಹೆದರಿಕೆಯಿತ್ತು, ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ. ಚಿಕ್ಕಬಸಮ್ಮ ಇಬ್ಬರ ಮುಖವನ್ನೂ ನೋಡಿ ನಕ್ಕುಬಿಟ್ಟಳು.

ಪೇಟೆ ಬೀದಿಯ ಮಹಡಿಯ ಮೇಲೆ ಹೊಸದಾಗಿ ಒಂದು ಕಂಪ್ಯೂಟರ್ ಕ್ಲಾಸು ಶುರುವಾಗಿತ್ತು. ಶಾಂತಿ ಕೆಲಸಕ್ಕೆ ಸೇರಲು ಇನ್ನೂ ಹದಿನೈದು ದಿನವಿತ್ತು. ಅಷ್ಟು ದಿನವೂ ಅವಳು ಶಿವುವಿನ ಮನೆಯಲ್ಲಿ ಇರುವುದೆಂದು ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಮೇಷ್ಟ್ರು, ಶಿಷ್ಯೆ ಇಬ್ಬರೂ ಆ ಮಹಡಿ ಹತ್ತಿದರು. ಹೇಳಿಕೊಡುವ ಹುಡುಗಿ ನಯನ, ಆಗ ತಾನೇ ಡಿಗ್ರಿ ಮುಗಿಸಿದವಳು, ಅವರಿಬ್ಬರನ್ನೂ ಒಂದೇ ಯಂತ್ರದ ಮುಂದೆ ಕೂರಿಸಿ, ಮೊದಲು ನಿಮ್ಮ ಹೆಸರು ಟೈಪ್ ಮಾಡಿ ಸರ್ ಎಂದಳು. ಅಮೃತೇಶ ಒಂದು ಬೆರಳು ಚಾಚಿ ಅಕ್ಷರ ಹುಡುಕಿದ. ಸಿಗಲಿಲ್ಲ. ಶಾಂತಿಯೂ ಬಗ್ಗಿ ಹುಡುಕಿದಳು.